ನೇರಳೆ ವೈನ್ ಕೆಟ್ಟಿದೆಯೋ, ಇನ್ನೂ ಮುಗಿದಿಲ್ಲವೋ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ತೋಟದ ಅಂಚಿನ ಮರದ ನೇರಳೆ ಹಣ್ಣಿನಿಂದ ಜೂನ್‌ನಲ್ಲಿ ಮೊದಲ ಸಲ ವೈನ್ ಮಾಡಿದೆ. 5 ಕೆಜಿ ಹಣ್ಣು, 2 ಕೆಜಿ ಸಕ್ಕರೆ, ಕಾಯಿಸಿ ಆರಿಸಿದ 6 ಲೀಟರ್ ನೀರು, ಒಂದು ಚಮಚ ಬ್ರೆಡ್ ಯೀಸ್ಟ್, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ಭರಣಿಯಲ್ಲಿ 21 ದಿನ ಇಟ್ಟು, ಸೋಸಿ, ಬಾಟಲಿಗೆ ತುಂಬಿದೆ. ಈಗ ಮೂರು ತಿಂಗಳಾಯಿತು. ಬಣ್ಣ ಚೆನ್ನಾಗಿದೆ, ಆದರೆ ಸ್ವಲ್ಪ ಮಬ್ಬು. ಮೂಗಿಗೆ ಘಾಟು ಬರುತ್ತದೆ, ನಾಲಿಗೆಗೆ ಚುಚ್ಚುತ್ತದೆ, ಒಗರು ಜಾಸ್ತಿ. ಮನೆಯವರು ಚೆನ್ನಾಗಿದೆ ಅಂತಾರೆ. ನಾದಿನಿ ವಿನೆಗರ್ ಆಗಿದೆ, ಚೆಲ್ಲು ಅಂತಾಳೆ. ಮನೆ ವೈನ್ ಕುಡಿದರೆ ಕಣ್ಣು ಹೋಗುತ್ತದೆ ಎಂದೂ ಒಬ್ಬರು ಹೆದರಿಸಿದ್ದಾರೆ. ಗೊತ್ತಿರುವವರು ಒಂದೆರಡು ಬಾಟಲಿ ದುಡ್ಡಿಗೆ ಕೇಳುತ್ತಿದ್ದಾರೆ. ಚೆನ್ನಾಗಿ ಬಂದಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಉತ್ತರ: ಚೆಲ್ಲಬೇಡಿ. ಸದ್ಯಕ್ಕೆ ಯಾರಿಗೂ ಕೊಡಲೂ ಬೇಡಿ. ಮೊದಲು ಹೋಗಿ ಬಾಟಲಿಗಳ ಮುಚ್ಚಳ ಸಡಿಲ ಮಾಡಿ ಬನ್ನಿ. ಬಾಟಲಿಗೆ ದಪ್ಪ ಟವೆಲ್ ಸುತ್ತಿ, ಮುಖದಿಂದ ದೂರ ಹಿಡಿದು, ನಿಧಾನವಾಗಿ ತಿರುಗಿಸಿ. 'ಪುಸ್' ಅಂತ ಗಾಳಿ ಬಂದರೆ ಅರ್ಧ ಉತ್ತರ ನಿಮಗೆ ಅಲ್ಲೇ ಸಿಕ್ಕಿತು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ನಾಲಿಗೆಗೆ ಚುಚ್ಚುತ್ತದೆ' ಅನ್ನುವ ಮಾತಿನ ಮೇಲೆ. ಸೋಡಾ ಕುಡಿದಾಗ ಚುಚ್ಚುತ್ತದಲ್ಲ, ಅದೇ ಗಾಳಿ ಇದು. ಯೀಸ್ಟ್ ಸಕ್ಕರೆ ತಿಂದು ಒಂದು ಕಡೆ ಆಲ್ಕೋಹಾಲ್, ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಾಟಲಿಯೊಳಗೆ ಮೂರು ತಿಂಗಳಾದ ಮೇಲೂ ಆ ಗಾಳಿ ಇದೆ ಅಂದರೆ ಯೀಸ್ಟ್ ಇನ್ನೂ ಕೆಲಸ ಮುಗಿಸಿಲ್ಲ, ಅಥವಾ ಮುಗಿಸಿದ ಮೇಲೆ ಗಾಳಿ ಹೊರಗೆ ಹೋಗಲು ದಾರಿ ಸಿಕ್ಕಿಲ್ಲ. ಮೊದಲನೆಯದಾಗಿದ್ದರೆ ಅಪಾಯ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನೂ ಮೊದಲ ಸಲ ನೇರಳೆ ವೈನ್ ಮಾಡಿದಾಗ 21 ದಿನಕ್ಕೆ ಸರಿಯಾಗಿ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಮೂಟೆಯ ಪಕ್ಕ ಇಟ್ಟಿದ್ದೆ. ಮಾಗಿಯ ಚಳಿಯಲ್ಲಿ ಎಲ್ಲ ತಣ್ಣಗಿತ್ತು. ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಹೋಗುತ್ತದೆ ಅಂತಾರಲ್ಲ, ಚಳಿ ಹೋದ ಮೇಲೆ ಒಂದು ಮಧ್ಯಾಹ್ನ ಬಾಟಲಿ ಒಡೆಯಿತು. ಹೋಗಿ ನೋಡಿದರೆ ಕುತ್ತಿಗೆ ಬಿರಡೆ ಸಮೇತ ಒಂದು ಕಡೆ ಬಿದ್ದಿತ್ತು. ಗಾಜಿನ ಚೂರು ಗೋಣಿಚೀಲದೊಳಗೆ ಹೊಕ್ಕಿತ್ತು. ಸುಣ್ಣದ ಗೋಡೆಯ ಮೇಲೆ ಹಾರಿದ ನೇರಳೆ ಕಲೆ ಮುಂದಿನ ಸಲ ಸುಣ್ಣ ಹೊಡೆಯುವವರೆಗೂ ಹೋಗಲಿಲ್ಲ. ಆಗ ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಚಳಿಗೆ ಮಲಗಿದ್ದ ಯೀಸ್ಟ್ ಸೆಕೆಗೆ ಎದ್ದು, ಉಳಿದಿದ್ದ ಸಕ್ಕರೆಯನ್ನು ಮತ್ತೆ ತಿನ್ನಲು ಶುರು ಮಾಡಿತ್ತು. ನಿಮಗೆ ಈಗ ಅಕ್ಟೋಬರ್. ಚಳಿ ಇನ್ನೂ ಮುಂದಿದೆ, ಸೆಕೆ ಅದರಾಚೆ ಇದೆ. ಸರಿ ಮಾಡಿಕೊಳ್ಳಲು ಬೇಕಾದಷ್ಟು ಸಮಯ ಇದೆ.

ಹಾಗಾಗಿ 'ಚೆನ್ನಾಗಿದೆಯೋ' ಅನ್ನುವುದಕ್ಕಿಂತ ಮೊದಲು 'ಮುಗಿದಿದೆಯೋ' ಅಂತ ಕೇಳಬೇಕು. ಕೆಟ್ಟುಹೋಯಿತು ಅಂತ ಜನ ನನ್ನ ಹತ್ತಿರ ತರುವ ಮೊದಲ ವೈನ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಅರ್ಧ ಬೆಂದ ಅನ್ನ ಬಾಯಿಗೆ ಹಾಕಿಕೊಂಡು ಅಕ್ಕಿ ಸರಿ ಇಲ್ಲ ಅಂದ ಹಾಗೆ. 21 ದಿನ ಅನ್ನುವುದು ಯಾರೋ ಬರೆದ ಅಳತೆ. ಯೀಸ್ಟ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ.

ಮುಗಿದಿದೆಯೋ ಇಲ್ಲವೋ ತಿಳಿಯಲು ಒಂದು ಹೈಡ್ರೋಮೀಟರ್ ತರಿಸಿಕೊಳ್ಳಿ. ನೀರಿಗೆ ಹೋಲಿಸಿದರೆ ದ್ರವ ಎಷ್ಟು ಭಾರ ಅಂತ ತೇಲಿ ತೋರಿಸುವ, ಗೆರೆ ಹಾಕಿದ ಗಾಜಿನ ಕಡ್ಡಿ ಅದು. ಪ್ರಯೋಗಾಲಯದ ಸಾಮಾನು ಮಾರುವ ಕಡೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ವೈನ್‌ಗೆ ಬೇಕಾದ್ದು 0.990ರಿಂದ 1.100 ಅಥವಾ ಅದಕ್ಕೂ ಮೇಲೆ ಗೆರೆ ಇರುವಂಥದ್ದು. ನೀರಿನಲ್ಲಿ ಅದು 1.000 ತೋರಿಸುತ್ತದೆ. ಸಕ್ಕರೆ ಇದ್ದರೆ ಮೇಲೆ ತೇಲುತ್ತದೆ. ಸಕ್ಕರೆ ಹೋಗಿ ಆಲ್ಕೋಹಾಲ್ ಬಂದಷ್ಟೂ ಕೆಳಗೆ ಇಳಿಯುತ್ತದೆ, ಆಲ್ಕೋಹಾಲ್ ನೀರಿಗಿಂತ ಹಗುರ ಅಲ್ವಾ? ಸಿಹಿ ಪೂರ್ತಿ ಮುಗಿದ ವೈನ್ 0.990ರಿಂದ 0.998ರ ನಡುವೆ ನಿಲ್ಲುತ್ತದೆ. ಅಳೆಯುವ ಮೊದಲು ಲೋಟದಲ್ಲಿ ಚೆನ್ನಾಗಿ ಕದಡಿ ಗಾಳಿ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಮೇಲಕ್ಕೆ ಎತ್ತುತ್ತವೆ, ಲೆಕ್ಕ ತಪ್ಪುತ್ತದೆ.

ಹೈಡ್ರೋಮೀಟರ್ ಬರುವವರೆಗೆ ಕಾಯಲು ಆಗದಿದ್ದರೆ, ಮನೆಯಲ್ಲೋ ಹಾಲಿನ ಡೈರಿಯಲ್ಲೋ ಲ್ಯಾಕ್ಟೋಮೀಟರ್ ಇರುತ್ತದೆ ನೋಡಿ. ಅದರಲ್ಲಿ 20 ಅಂದರೆ 1.020. ಸಿಹಿ ಪೂರ್ತಿ ಹೋಗಿದೆಯೋ ಅಂತ ಅದು ಹೇಳಲಾರದು. ಆದರೆ ನಿಮ್ಮ ವೈನ್‌ನಲ್ಲಿ ಅದು 20ರ ಗೆರೆಯವರೆಗೆ ಮೇಲೆದ್ದು ನಿಂತರೆ ಸಕ್ಕರೆ ಇನ್ನೂ ಬಹಳ ಉಳಿದಿದೆ ಅಂತ ಖಂಡಿತ ಹೇಳಬಹುದು. ವಾಪಸ್ ಕೊಡುವ ಮೊದಲು ಚೆನ್ನಾಗಿ ತೊಳೆಯಿರಿ.

ನಿಮ್ಮ ಅಳತೆಯನ್ನು ನಾನೂ ಲೆಕ್ಕ ಹಾಕಿ ನೋಡಿದೆ. 2 ಕೆಜಿ ಸಕ್ಕರೆ, ಜೊತೆಗೆ ಹಣ್ಣಿನದೇ ಸಿಹಿ. ಎಲ್ಲ ಸೇರಿ ಸುಮಾರು 10 ಲೀಟರ್ ಆಗಿರಬೇಕು. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಮ್ಮಿ ಶೇಕಡಾ 1ರಷ್ಟು ಆಲ್ಕೋಹಾಲ್ ಬರುತ್ತದೆ. ನಿಮ್ಮದೆಲ್ಲ ಹುದುಗಿದ್ದರೆ ಶೇಕಡಾ 13ರ ಹತ್ತಿರ ಹೋಗಬೇಕಿತ್ತು. ಬ್ರೆಡ್ ಯೀಸ್ಟ್‌ಗೆ ಅಷ್ಟು ದೂರ ಓಡುವುದು ಕಷ್ಟ. ಶೇಕಡಾ 10 ದಾಟುವ ಹೊತ್ತಿಗೆ ಸುಸ್ತಾಗುತ್ತದೆ, ತೆವಳುತ್ತಾ ಹೋಗುತ್ತದೆ. ಹಾಗಾಗಿ ಸ್ವಲ್ಪ ಸಕ್ಕರೆ ಉಳಿದಿರಬಹುದು ಅನ್ನುವುದು ನನ್ನ ಅಂದಾಜು. ಒಗರು ಮತ್ತು ಗಾಳಿಯ ಚುಚ್ಚು ಮೇಲೆ ಕೂತಿರುವುದರಿಂದ ನಿಮ್ಮ ನಾಲಿಗೆಗೆ ಆ ಸಿಹಿ ಕಾಣಿಸುತ್ತಿಲ್ಲ.

ಈಗ ನಾದಿನಿಯ ಮಾತಿಗೆ ಬರೋಣ. ಅದನ್ನು ತಳ್ಳಿಹಾಕಬೇಡಿ. ವೈನ್ ವಿನೆಗರ್ ಆಗುವುದು ನಿಜವಾದ ಅಪಾಯವೇ. ಬೈನೆ ಮರದ ಕಳ್ಳು ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೈನ್ ಹುಳಿಯಾಗಲು ಕಾರಣ ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ. ಅದಕ್ಕೆ ಹೊರಗಿನ ಗಾಳಿ ಬೇಕು. ಗಾಳಿ ಇಲ್ಲದಿದ್ದರೆ ಬೆಳೆಯಲಾರದು. ಮಳೆಗಾಲದಲ್ಲಿ ಹಣ್ಣಿನ ಮೇಲೆ ಕೂರುವ ಸಣ್ಣ ನೊಣ ಇದೆಯಲ್ಲ, ಅದು ಕಾಲಿನಲ್ಲೇ ಇದನ್ನು ಹೊತ್ತು ತರುತ್ತದೆ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸಡಿಲವಾಗಿದ್ದರೆ ಸಾಕು.

ಘಾಟು ಅಂತ ನೀವು ಬರೆದಿದ್ದೀರಿ. ಘಾಟಿನಲ್ಲಿ ಬೇರೆ ಬೇರೆ ಇವೆ, ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಊಟಕ್ಕೆ ಮುಂಚೆ, ಒಗ್ಗರಣೆ ವಾಸನೆ ಇಲ್ಲದ ಕಡೆ ಕೂತುಕೊಳ್ಳಿ. ಜಗಲಿ ಒಳ್ಳೆಯದು. ಸ್ಟೀಲ್ ಲೋಟ ಬೇಡ, ಗಾಜಿನದು ತಗೊಳ್ಳಿ, ಕಾಲು ಭಾಗ ಮಾತ್ರ ಹಾಕಿ. ಮೂಗು ಹತ್ತಿರ ತಂದು ಒಂದು ಸಲ ಮೂಸಿ. ಆಮೇಲೆ ಲೋಟದ ಬಾಯಿಗೆ ಅಂಗೈ ಮುಚ್ಚಿ, ಜೋರಾಗಿ ತಿರುವಿ, ಗಾಳಿ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಹತ್ತು ನಿಮಿಷ ಸುಮ್ನೆ ಬಿಟ್ಟು ಮತ್ತೆ ಮೂಸಿ, ಒಂದು ಗುಟುಕು ಕುಡಿಯಿರಿ. ಚುಚ್ಚುವುದು ಕಡಿಮೆಯಾಗಿ, ಒಳಗಿನಿಂದ ನೇರಳೆ ಹಣ್ಣಿನ ವಾಸನೆ ನಿಧಾನವಾಗಿ ಎದ್ದರೆ ಅದು ಬರೀ ಗಾಳಿ ಮತ್ತು ಎಳೆ ಆಲ್ಕೋಹಾಲಿನ ಘಾಟು. ವೈನ್ ಆರೋಗ್ಯವಾಗಿದೆ, ವಯಸ್ಸಾಗಿಲ್ಲ ಅಷ್ಟೇ. ಆದರೆ ಗಾಳಿ ಹೋದ ಮೇಲೂ ಮೂಗಿನೊಳಗೆ ಚುರುಕು ಉಳಿದು, ನುಂಗಿದ ಮೇಲೆ ಗಂಟಲಲ್ಲಿ ಉಪ್ಪಿನಕಾಯಿ ರಸ ಇಳಿದ ಹಾಗೆ ಉರಿ ಬಂದರೆ, ನಾದಿನಿ ಹೇಳಿದ್ದೇ ಸರಿ. ಅದನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಸಕ್ಕರೆ ಹಾಕಿ ಮುಚ್ಚಲು ನೋಡಬೇಡಿ.

ಉಗುರಿನ ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದರೂ ಅದೇ ದಾರಿಯ ಕೇಡು. ಕೊಳೆತ ಮೊಟ್ಟೆ ವಾಸನೆ ಬಂದರೆ ಮಾತ್ರ ಹೆದರಬೇಡಿ. ಯೀಸ್ಟ್‌ಗೆ ಪೋಷಣೆ ಸಾಲದೆ ಬಂದದ್ದು ಅದು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಒಂದೆರಡು ಸಲ ಸುರಿದರೆ ಎಷ್ಟೋ ಸಲ ಹೋಗುತ್ತದೆ.

ನಿಮ್ಮ ಭರಣಿ ಮೊದಲು ಯಾವುದಕ್ಕೆ ಬಳಕೆಯಾಗಿತ್ತು ಅಂತ ನೀವು ಬರೆದಿಲ್ಲ. ಅಪ್ಪೆಮಿಡಿ ಹಾಕಿದ ಭರಣಿಯಾದರೆ ಎಷ್ಟು ತೊಳೆದರೂ ಇಂಗು, ಸಾಸಿವೆ ವಾಸನೆ ವೈನ್‌ಗೆ ಇಳಿಯುತ್ತದೆ. ನಾಲಿಗೆ ಅದನ್ನು 'ಏನೋ ಸರಿಯಿಲ್ಲ' ಅಂತ ಮಾತ್ರ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಒಳಗಿನ ಹೊಳಪು ಬಿರುಕು ಬಿಟ್ಟ ಹಳೇ ಭರಣಿ ಬೇಡವೇ ಬೇಡ. ಹಳೇ ಕಾಲದ ಹೊಳಪಿನಲ್ಲಿ ಸೀಸ ಇರಬಹುದು, ಹುಳಿಗೆ ಅದು ಬಿಡುತ್ತದೆ. ಗಾಜಿನ ದೊಡ್ಡ ಜಾಡಿ ಒಳ್ಳೆಯದು.

ಮನೆಯವರು ಮತ್ತು ನಾದಿನಿಯ ಜಗಳದ ಬಗ್ಗೆ ಇನ್ನೊಂದು ಮಾತು. ಅವರಿಬ್ಬರೂ ಕುಡಿದದ್ದು ಒಂದೇ ಬಾಟಲಿಯಿಂದಲೇ? ಒಂದೇ ಭರಣಿಯ ವೈನ್ ಆದರೂ ಪ್ರತಿ ಬಾಟಲಿ ತನ್ನದೇ ದಾರಿ ಹಿಡಿಯುತ್ತದೆ. ಕುತ್ತಿಗೆವರೆಗೆ ತುಂಬಿದ ಬಾಟಲಿ ಸರಿಯಾಗಿರಬಹುದು. ಕೊನೆಗೆ ಉಳಿದದ್ದನ್ನು ಮುಕ್ಕಾಲು ತುಂಬಿದ ಬಾಟಲಿಯಲ್ಲಿ ಗಾಳಿ ಜಾಸ್ತಿ ಇರುತ್ತದೆ, ಅದು ಹುಳಿಯಾಗಿರಬಹುದು. ಇಬ್ಬರೂ ಸರಿ ಇರುವ ಸಾಧ್ಯತೆ ಇದೆ. ಎಲ್ಲ ಬಾಟಲಿಗಳಿಗೂ ನಂಬರ್ ಹಾಕಿ. ಒಂದೊಂದನ್ನೂ ಬೇರೆ ಬೇರೆ ಮೂಸಿ ನೋಡಿ. ಕೆಟ್ಟದ್ದನ್ನು ಒಳ್ಳೆಯದಕ್ಕೆ ಬೆರೆಸಿ ಸರಿಮಾಡುವ ಕೆಲಸ ಮಾತ್ರ ಮಾಡಬೇಡಿ. ಒಂದು ಹುಳಿ ಬಾಟಲಿ ಉಳಿದ ಎಲ್ಲವನ್ನೂ ಕರೆದುಕೊಂಡು ಹೋಗುತ್ತದೆ.

ಅನುಮಾನ ಬಂದ ಎರಡು ಬಾಟಲಿಗಳ ನಡುವೆ ನಿಜವಾಗಿ ವ್ಯತ್ಯಾಸ ಇದೆಯೋ ಅಂತ ತಿಳಿಯಲು, ರುಚಿ ನೋಡುವುದೇ ಕಸುಬಾದವರು ಮಾಡುವ ಪರೀಕ್ಷೆ ಒಂದಿದೆ. ಮೂರು ಲೋಟ ಇಡಿ. ಎರಡಕ್ಕೆ ಒಂದೇ ಬಾಟಲಿಯದು, ಮೂರನೆಯದಕ್ಕೆ ಇನ್ನೊಂದರದು. ಯಾವುದು ಯಾವುದು ಅಂತ ಹೇಳಬೇಡಿ. 'ಇದರಲ್ಲಿ ಬೇರೆ ಯಾವುದು?' ಅಂತ ಮಾತ್ರ ಕೇಳಿ. ಲೋಟಗಳ ಜಾಗ ಬದಲಿಸಿ ನಾಲ್ಕೈದು ಸಲ ಕೇಳಿದರೂ ಸರಿಯಾಗಿ ತೋರಿಸಿದರೆ ವ್ಯತ್ಯಾಸ ಇದ್ದೇ ಇದೆ. 'ಹೇಗಿದೆ?' ಅಂತ ಕೇಳಿದರೆ ಮನೆಯವರು 'ಚೆನ್ನಾಗಿದೆ' ಅಂತಲೇ ಹೇಳುತ್ತಾರೆ. ಪ್ರೀತಿಯಿಂದ ಹೇಳುವ ಮಾತು ಅದು. ವೈನ್ ಬಗ್ಗೆ ಏನೂ ತಿಳಿಸುವುದಿಲ್ಲ.

ಮಬ್ಬಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕತ್ತಲೆಯಲ್ಲಿ ಬಾಟಲಿಯ ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ವೈನ್ ಒಳಗೆ ಕೋಲಿನ ಹಾಗೆ ಕಂಡರೆ ಕಣಗಳು ತೇಲುತ್ತಿವೆ ಅಂತ. ಅದು ಯೀಸ್ಟ್ ಆದರೆ ತಾನೇ ತಳ ಸೇರುತ್ತದೆ. ಗೋಧಿಯ ಪಿಷ್ಟ ಆದರೆ ಸುಲಭಕ್ಕೆ ಇಳಿಯುವುದಿಲ್ಲ. ಗೋಧಿ ಹಾಕುವುದು ಎಲ್ಲರ ಮನೆಯ ರೂಢಿ, ನನಗೆ ಗೊತ್ತು. ನನ್ನ ಅಭಿಪ್ರಾಯದಲ್ಲಿ ನೇರಳೆಗೆ ಅದು ಬೇಡ. ಮುಂದಿನ ಸಲ ಒಂದು ಹಿಡಿ ಒಣದ್ರಾಕ್ಷಿ ಹಾಕಿ ನೋಡಿ. ಬಣ್ಣ ಮಾತ್ರ ಗಮನಿಸಿ. ಬಿಳಿ ತಟ್ಟೆಯ ಮೇಲೆ ಲೋಟ ಓರೆ ಮಾಡಿದಾಗ ಅಂಚು ಕೆನ್ನೇರಳೆ ಇರಬೇಕು. ಮೂರೇ ತಿಂಗಳಿಗೆ ಇಟ್ಟಿಗೆ ಬಣ್ಣ ತಿರುಗಿದ್ದರೆ ಗಾಳಿ ಒಳಗೆ ಹೋಗಿದೆ. ಮೇಲೆ ತೆಳ್ಳನೆಯ ಬಿಳಿ ಪೊರೆ ಕಟ್ಟಿದ್ದರೂ ಗಾಳಿಯೇ ಕಾರಣ. ರೋಮ ರೋಮದ ಹಾಗೆ ಹಸಿರೋ ಕಪ್ಪೋ ಬೂಷ್ಟು ಬೆಳೆದಿದ್ದರೆ ಆ ಬಾಟಲಿಯನ್ನು ರುಚಿ ಸಹ ನೋಡದೆ ಚೆಲ್ಲಿ.

ಒಗರು ನೇರಳೆಯ ಹುಟ್ಟುಗುಣ. ಹಣ್ಣು ತಿಂದರೆ ನಾಲಿಗೆ ದಪ್ಪ ಆದ ಹಾಗೆ ಆಗುತ್ತದಲ್ಲ, ಅದು ಟ್ಯಾನಿನ್. ನೀವು ಸಿಪ್ಪೆ, ಬೀಜ ಎಲ್ಲ ಸೇರಿಸಿ 21 ದಿನ ನೆನೆಸಿದ್ದೀರಿ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಇಳಿದಿದೆ. ಮುಂದಿನ ಸಲ ಐದಾರು ದಿನಕ್ಕೆ ಸೋಸಿ ರಸವನ್ನು ಮಾತ್ರ ಹುದುಗಲು ಬಿಡಿ, ಬೀಜ ಜಜ್ಜಬೇಡಿ. ಈ ಸಲದ ಒಗರಿಗೆ ಔಷಧ ಕಾಲವೇ. ಟ್ಯಾನಿನ್ ತಿಂಗಳುಗಳು ಕಳೆದಂತೆ ಒಂದಕ್ಕೊಂದು ಕೂಡಿ ಭಾರವಾಗಿ ತಳಕ್ಕೆ ಇಳಿಯುತ್ತದೆ, ಬಾಯಿಗೆ ಮೆತ್ತಗಾಗುತ್ತದೆ. ಬಾಯಿ ಒಣಗಿಸುವ ಒಗರು ಮತ್ತು ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವ ಕಹಿ ಬೇರೆ ಬೇರೆ ಅನ್ನುವುದನ್ನು ಮಾತ್ರ ನೆನಪಿಡಿ. ಒಗರು ಕರಗುತ್ತದೆ, ಬೀಜದ ಕಹಿ ಅಷ್ಟಾಗಿ ಕರಗುವುದಿಲ್ಲ.

ಕಣ್ಣು ಹೋಗುವ ಮಾತು. ಕಣ್ಣಿಗೆ ವಿಷವಾಗುವುದು ಮೆಥನಾಲ್ ಅನ್ನುವ ಬೇರೆ ಬಗೆಯ ಆಲ್ಕೋಹಾಲ್. ಹಣ್ಣಿನಲ್ಲಿರುವ ಪೆಕ್ಟಿನ್ ಅನ್ನುವ ಅಂಶದಿಂದ ಅದು ಅತಿ ಸ್ವಲ್ಪ ಯಾವ ಹಣ್ಣಿನ ವೈನ್‌ನಲ್ಲೂ ಇರುತ್ತದೆ. ಅಂಗಡಿಯ ದ್ರಾಕ್ಷಿ ವೈನ್‌ನಲ್ಲೂ ಇರುತ್ತದೆ. ಆ ಪ್ರಮಾಣದಿಂದ ಕಣ್ಣಿಗೆ ಏನೂ ಆಗುವುದಿಲ್ಲ. ಪತ್ರಿಕೆಗಳಲ್ಲಿ ಬರುವ ಸಾವುಗಳು ಕಾರ್ಖಾನೆಯ ಮೆಥನಾಲ್ ಬೆರೆಸಿದ ಕಳ್ಳಭಟ್ಟಿಯವು. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಕೆಟ್ಟ ವೈನ್ ಅನ್ನು ಕಾಯಿಸಿ ಇಳಿಸೋಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನೇರಳೆ ಅಂದ ತಕ್ಷಣ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಹಿರಿಯರಿಗೆ ಕೊಡುವ ಅಭ್ಯಾಸವೂ ಇದೆ. ವೈನ್ ಔಷಧ ಅಲ್ಲ. ಅದರಲ್ಲಿ ಆಲ್ಕೋಹಾಲ್ ಇದೆ, ನಿಮ್ಮದರಲ್ಲಿ ಬಹುಶಃ ಸಕ್ಕರೆಯೂ ಇದೆ. ಮಾತ್ರೆ ತಗೊಳ್ಳುವವರಿಗೆ ಕೊಡಬೇಡಿ.

ದುಡ್ಡಿಗೆ ಕೊಡುವುದಂತೂ ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಮದ್ಯ ತಯಾರಿಸಲೂ ಮಾರಲೂ ಪರವಾನಗಿ ಬೇಕು. ಮುಂದೆಯೂ ಮಾಡುವ ಆಸೆ ಇದ್ದರೆ ಅಬಕಾರಿ ಕಚೇರಿಗೆ ಹೋಗಿ ವಿಚಾರಿಸಿಕೊಳ್ಳಿ.

ಈ ವಾರ ಹೀಗೆ ಮಾಡಿ. ಪರೀಕ್ಷೆಯಲ್ಲಿ ಪಾಸಾದ ಬಾಟಲಿಗಳನ್ನೆಲ್ಲ ಒಂದು ಗಾಜಿನ ಜಾಡಿಗೆ ವಾಪಸ್ ಹಾಕಿ. ಸುರಿಯಬೇಡಿ. ಬಾಟಲಿಯನ್ನು ಮೇಜಿನ ಮೇಲೆ, ಜಾಡಿಯನ್ನು ನೆಲದ ಮೇಲೆ ಇಟ್ಟು ಸಣ್ಣ ಪೈಪಿನಲ್ಲಿ ಇಳಿಸಿ. ಪೈಪಿನ ತುದಿ ಜಾಡಿಯ ತಳ ಮುಟ್ಟಿರಲಿ, ಆಗ ಗಾಳಿ ಸೇರುವುದಿಲ್ಲ. ಬಾಟಲಿಯ ತಳದಲ್ಲಿ ಬೂದು ಬಣ್ಣದ ಗಸಿ ಕಾಣುತ್ತದೆ, ಅದು ಕದಡುವ ಮೊದಲೇ ಪೈಪು ಎತ್ತಿಬಿಡಿ. ಜಾಡಿ ಕುತ್ತಿಗೆವರೆಗೆ ತುಂಬಿರಬೇಕು, ಹಾಗಾಗಿ ವೈನ್ ಎಷ್ಟಿದೆಯೋ ಅಷ್ಟೇ ಹಿಡಿಸುವ ಜಾಡಿ ಆರಿಸಿ. ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಕೊಳವೆ ತೂರಿಸಿ, ಸುತ್ತ ಮೇಣ ಹಚ್ಚಿ, ಕೊಳವೆಯ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಅಲ್ಲಿ ಬಿಸಿಯೂ ಹೊಗೆಯೂ ಜಾಸ್ತಿ. ಮನೆಯೊಳಗೆ ಬಿಸಿಲು ಬೀಳದ ಮೂಲೆ ಸಾಕು.

ಹದಿನೈದು ದಿನಕ್ಕೊಮ್ಮೆ ಹೈಡ್ರೋಮೀಟರ್ ಹಾಕಿ ಬರೆದಿಡಿ. ಒಂದು ತಿಂಗಳು ಅಂಕಿ ಅಲ್ಲಾಡದೆ 1.000ಕ್ಕಿಂತ ಕೆಳಗೆ ನಿಂತರೆ ಮುಗಿಯಿತು ಅಂತ ತಿಳಿಯಿರಿ. ಆಗ 10 ಲೀಟರಿಗೆ 1 ಗ್ರಾಂ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಬಹುದು, ಮನೆಯಲ್ಲಿ ಸ್ಕ್ವಾಷ್ ಮಾಡುವವರಿಗೆ ಗೊತ್ತಿರುವ ಪುಡಿಯೇ. ಅದು ಗಾಳಿ, ಬ್ಯಾಕ್ಟೀರಿಯಾ ಎರಡರಿಂದಲೂ ಕಾಯುತ್ತದೆ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಹಾಕಬೇಡಿ, ಹಾಕಿದರೆ ಅವರಿಗೆ ಕೊಡಬೇಡಿ. ಅಂಕಿ 1.000ಕ್ಕಿಂತ ಮೇಲೆಯೇ ನಿಂತುಬಿಟ್ಟರೆ ಸಿಹಿ ವೈನ್ ಅಂತ ಒಪ್ಪಿಕೊಂಡು ಫ್ರಿಜ್‌ನಲ್ಲಿಟ್ಟು, ಬೇಸಿಗೆಗೆ ಮುಂಚೆ ಮುಗಿಸಿ. ಅಂಥದ್ದನ್ನು ಬಿರಡೆ ಬಿಗಿದು ಹೊರಗೆ ಇಡಬೇಡಿ.

ಮುಗಿದ ವೈನ್‌ನ ಎರಡು ಬಾಟಲಿಗಳನ್ನು ಮಾತ್ರ ಮುಟ್ಟದೆ, ದಿನಾಂಕ ಬರೆದು, ಜೂನ್‌ವರೆಗೆ ಎತ್ತಿಡಿ. ಅದೇ ಮರದ ಹೊಸ ಹಣ್ಣು ಬುಟ್ಟಿಗೆ ಬಂದ ದಿನ ಒಂದನ್ನು ತೆಗೆದು, ಪಕ್ಕದಲ್ಲಿ ಹಣ್ಣು ಇಟ್ಟುಕೊಂಡು ಮೂಸಿ. ಹಣ್ಣಿನ ವಾಸನೆ ಲೋಟದಲ್ಲಿ ಉಳಿದಿದೆಯೋ ಅಂತ ಆಗ ತಿಳಿಯುತ್ತದೆ. ನಾದಿನಿಯನ್ನೂ ಕರೆಯಿರಿ, ಮೊದಲ ಲೋಟ ಅವಳಿಗೇ ಕೊಡಿ. ಹುಳಿಯನ್ನು ಗಮನಿಸಿದ ಮೂಗು ಅವಳದು, ಅದು ನಿಮಗೆ ಇನ್ನೂ ಬೇಕಾಗುತ್ತದೆ.